ತುರುಬು ಬಿಚ್ಚಿದ ಕಾರು

ಮಾಲೂರಿನ ಹೆಂಚಿನ ಕಾರ್ಖಾನೆಯ ಗುಮಾಸ್ತ ಕದಿರೇಶ ಹೊಗೆಯಲ್ಲೇ ಬೆಳೆದವನು. ಗೂಡಿನ ಹೊಗೆ ನೋಡಿ, ಹೆಂಚು ಬೆಂದಿದೆಯೋ ಇಲ್ಲವೋ ಎಂದು ಟೇಕಲ್ ಬೆಟ್ಟದ ಮೇಲೆ ನಿಂತೇ ಹೇಳಬಲ್ಲೆ ಎನ್ನುತ್ತಿದ್ದ. ಅಂಥವನನ್ನು ಆ ಶನಿವಾರ ಬೆಳಿಗ್ಗೆ ಒಂದು ಹಿಡಿ ಹೊಗೆ ತಲೆಯ ಮೇಲೆ ಕೈ ಹೊತ್ತು ಕೂರುವಂತೆ ಮಾಡಿತು.

ಹೊಗೆ ಬಂದದ್ದು ಭಾವನ ಕಾರಿನ ಹಿಂದಿನಿಂದ. ಹೆಂಡತಿ ಭಾರತಮ್ಮನ ಅಣ್ಣ ಮುನಿಕೃಷ್ಣಪ್ಪ ದುಬೈಯಿಂದ ಹಡಗಿನಲ್ಲಿ ತರಿಸಿದ ಕಾರು ಅದು. ಎಂಥ ಉದ್ದ ಅಂತೀರಿ! ಮೂತಿ ಮನೆ ಬಾಗಿಲಿಗೆ ಬಂದಾಗ ಬಾಲ ಇನ್ನೂ ಬಸ್ ಸ್ಟ್ಯಾಂಡಿನಲ್ಲೇ ಇತ್ತು. ಹಿಂಬದಿಯಲ್ಲಿ ಬೆಳ್ಳಿಯಂಥ ಇಂಗ್ಲಿಷ್ ಅಕ್ಷರಗಳಲ್ಲಿ 'ಟರ್ಬೊ' ಎಂದು ಬರೆದಿತ್ತು. ಬೀದಿಯ ಜನ ಕೂಡಿಸಿ ಓದಿ ಅದು 'ತುರುಬು' ಎಂದು ತೀರ್ಮಾನಿಸಿದರು. ಅಲ್ಲಿಂದ ಅದು ತುರುಬಿನ ಕಾರಾಯಿತು.

ಬೆಟ್ಟದ ತಿರುವಿನಲ್ಲಿ ಗೀಚು ಬಿದ್ದೀತೆಂದು ಹೆದರಿ, ಮುನಿಕೃಷ್ಣಪ್ಪ ಕಾರನ್ನು ಕದಿರೇಶನ ಬಚ್ಚಲುಮನೆ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ, ತಾನು ಟ್ಯಾಕ್ಸಿ ಹತ್ತಿ ತಿರುಪತಿಗೆ ಹೋಗಿದ್ದ.

"ದಿನಾ ಬೆಳಿಗ್ಗೆ ಒಂದ್ಸಲ ಸ್ಟಾರ್ಟ್ ಮಾಡಿ ಬಿಡಪ್ಪ, ಇಲ್ದಿದ್ರೆ ಬ್ಯಾಟರಿ ಸತ್ತೋಗುತ್ತೆ. ಬೇರೆ ಯಾರೂ ಮುಟ್ಟಬಾರ್ದು. ಶನಿವಾರ ಸಾಯಂಕಾಲ ಬರ್ತೀನಿ. ಕಾರು ಕೊಟ್ಟಂಗೇ ಇದ್ರೆ ನಿನ್ನ ದುಬೈ ವೀಸಾ ನನ್ನ ಜವಾಬ್ದಾರಿ."

ಅಂದಿನಿಂದ ಕದಿರೇಶ ಕನಸಿನಲ್ಲಿ ಒಂಟೆಗಳ ಹಾಜರಿ ಹಾಕುತ್ತಿದ್ದ.

ಆದರೆ ಈ ಹೊಗೆ! ಬೆಳಿಗ್ಗೆ ತಣ್ಣಗಿದ್ದ ಕಾರು ಗುರ್ ಎಂದ ಸ್ವಲ್ಪ ಹೊತ್ತಿಗೆ ಹಿಂದಿನಿಂದ ಭುಸಭುಸ. ಎಂಜಿನ್ ಆಫ್ ಮಾಡಿದರೂ ನಿಲ್ಲದು. ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ತಾನೇ ನಿಂತಿರುತ್ತಿತ್ತು. ಮಧ್ಯಾಹ್ನ ಸ್ಟಾರ್ಟ್ ಮಾಡಿದರೆ ಒಂದೆಳೆಯೂ ಇಲ್ಲ. ಶನಿವಾರವಂತೂ ಇಡೀ ಬೀದಿಗೆ ಮೋಡ ಕವಿಯಿತು. ಕೋಳಿಗಳು ಸಂಜೆಯಾಯಿತೆಂದು ಗೂಡು ಸೇರಿದವು.

ಮೊದಲು ಓಡಿ ಬಂದವನು ಎದುರುಮನೆಯ ಶ್ರೀರಾಮಪ್ಪ. ರೈಲಿನ ಉಗಿಬಂಡಿಗೆ ಕಲ್ಲಿದ್ದಲು ತುಂಬಿ ನಿವೃತ್ತನಾದವನು.

"ನೀಲಿ ಹೊಗೆ ಕಣೋ. ಎಂಜಿನ್ನು ಆಯಿಲ್ ಕುಡೀತಿದೆ."

"ಮಂಗಳವಾರ ಬೆಳ್ಳಗಿತ್ತು ಮಾವ."

"ಹಂಗಾದ್ರೆ ನೀರು ಕುಡೀತಿದೆ."

"ಗುರುವಾರ ಕರ್ರಗಿತ್ತು."

"ಲೇ, ಹಂಗಾದ್ರೆ ಇದು ಸಿಕ್ಕಿದ್ದೆಲ್ಲಾ ಕುಡಿಯುತ್ತೆ. ಥೇಟ್ ನಮ್ಮ ಬೀಗನ ಥರ!"

ಪಕ್ಕದ ಮನೆಯ ಅಕ್ಕಯಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು. "ದಿಷ್ಟಿ ತಗಿಲಿಂದಿ ನಾಯನಾ, ದೃಷ್ಟಿ ತಾಗಿದೆ! ಶನಿವಾರ ನೋಡು, ಅದಕ್ಕೇ ಎರಡರಷ್ಟು!" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ, ತಡೆಯುವ ಮೊದಲೇ ಹೊಗೆಕೊಳವೆಯೊಳಗೆ ತುರುಕಿದಳು. ಕದಿರೇಶ ಮತ್ತೆ ಸ್ಟಾರ್ಟ್ ಮಾಡಿದ. ಮೆಣಸಿನಕಾಯಿ ಕೋವಿಗುಂಡಿನಂತೆ ಚಿಮ್ಮಿ, ಬಗ್ಗಿ ಪರೀಕ್ಷಿಸುತ್ತಿದ್ದ ಶ್ರೀರಾಮಪ್ಪನ ಮೂಗಿಗೆ ಹೊಡೆಯಿತು. ಅವನ ಒಂದೊಂದು ಸೀನೂ ಕೋಲಾರಕ್ಕೆ ಕೇಳಿಸಿತು.

ಸೀನುಗಳ ನಡುವೆಯೇ ಅವನು ಲಾರಿ ಮೆಕ್ಯಾನಿಕ್ ಗಂಗುಲಪ್ಪನಿಗೆ ಹೇಳಿಕಳಿಸಿದ. ಗಂಗುಲಪ್ಪ ಬಂದು, ಬಾನೆಟ್ ಎತ್ತಿ, ಹೆಣ್ಣು ನೋಡಲು ಬಂದವನಂತೆ ಗಂಟೆಗಟ್ಟಲೆ ನೋಡಿದ.

"ತುರುಬು ಬಿಚ್ಚಬೇಕು ಸಾರ್."

"ಬೇಡಪ್ಪ, ಭಾವ ಸಾಯಂಕಾಲ ಬರ್ತಾರೆ!"

"ಹೆಂಗಸ್ರ ತಲೇಲಿ ಹೇನು ಹುಡುಕೋಕೆ ಮೊದ್ಲು ಏನು ಬಿಚ್ಚುತಾರೆ? ತುರುಬು ತಾನೆ?"

ಕದಿರೇಶ ಲೆಕ್ಕ ಹಾಕಿದ. ಹೊಗೆ ಬಿಡುವ ಕಾರು ಒಪ್ಪಿಸಿದರೂ ವೀಸಾ ಹೋಯಿತು, ಬಿಚ್ಚಿಸಿದರೂ ಹೋದೀತು. "ಸಾಯಂಕಾಲದೊಳಗೆ ಜೋಡಿಸಿಬಿಡ್ತೀಯ ತಾನೆ?" ಎಂದ. "ಕಣ್ಮುಚ್ಚಿಕೊಂಡು" ಎಂದ ಗಂಗುಲಪ್ಪ. ಬಿಚ್ಚುವಾಗಲೂ ಹೆಚ್ಚುಕಡಿಮೆ ಹಾಗೆಯೇ ಬಿಚ್ಚಿದ. ತುರುಬಿನಲ್ಲಿ ಹೇನು ಸಿಗಲಿಲ್ಲ. ಅದರ ಕೆಳಗಿನದು ಬಿಚ್ಚಿದ. ಅದರ ಪಕ್ಕದ್ದು ಬಿಚ್ಚಿದ. ಕೊನೆಗೆ ಹುಣಸೆಮರದ ಕೊಂಬೆಗೆ ಸರಪಳಿ ಕಟ್ಟಿ, ಬೀದಿಯವರೆಲ್ಲ ಸೇರಿ ಎಳೆದು, ಎಂಜಿನ್ನನ್ನೇ ಎತ್ತಿ ಗೋಣಿಚೀಲದ ಮೇಲೆ ಮಲಗಿಸಿದರು.

ಅದೇ ಹೊತ್ತಿಗೆ ಟ್ಯಾಕ್ಸಿ ಸದ್ದಾಯಿತು. ಮುನಿಕೃಷ್ಣಪ್ಪ ಇಳಿದ. ಭಾವನ ತಲೆಯಲ್ಲಿ ಕೂದಲಿರಲಿಲ್ಲ, ಕಾರಿನಲ್ಲಿ ತುರುಬಿರಲಿಲ್ಲ.

"ಏನೋ ಇದು ಕದಿರೇಶ?" ಅವನು ಕೈಯಲ್ಲಿದ್ದ ಲಡ್ಡು ಸಮೇತ ಎಂಜಿನ್ನಿನ ಪಕ್ಕದಲ್ಲೇ ಕುಕ್ಕರಿಸಿದ.

"ಹೊಗೆ ಬರ್ತಿತ್ತು ಭಾವ... ಅದಕ್ಕೇ..."

ಮಾತು ಮುಗಿಯುವ ಮುನ್ನವೇ, ಎಂಜಿನ್ನಿಲ್ಲದ ಕಾರಿನ ಹಿಂದಿನಿಂದ ಸುರುಳಿ ಸುರುಳಿಯಾಗಿ ನೀಲಿ ಹೊಗೆ ಎದ್ದಿತು.

ಗಂಗುಲಪ್ಪನ ಕೈಯಿಂದ ಸ್ಪ್ಯಾನರ್ ಜಾರಿತು. ಅಕ್ಕಯಮ್ಮ ಕೆನ್ನೆ ಬಡಿದುಕೊಂಡಳು. ಶ್ರೀರಾಮಪ್ಪ ಸೀನುವುದನ್ನೂ ಮರೆತ.

ಆಗ ಬಚ್ಚಲಿನಿಂದ ಭಾರತಮ್ಮನ ದನಿ ಬಂತು: "ಅಣ್ಣ ಬಂದ್ನೇನ್ರೀ? ಕಾರ್ ಸದ್ದು ಕೇಳ್ತು, ಹಂಡೆ ಒಲೆ ಹಚ್ಚಿದೀನಿ. ಸ್ನಾನಕ್ಕೆ ಬರೋಕೆ ಹೇಳಿ!"

ಕದಿರೇಶ ಬಗ್ಗಿ ನೋಡಿದ. ಬಂಪರಿನ ಹಿಂದೆ, ಗೋಡೆಯ ಬುಡದಲ್ಲಿ, ಒಲೆಯ ಹೊಗೆ ಹೋಗುವ ತೂತು. ಬಿಸಿನೀರು ಎಲ್ಲಿಂದ ಬರುತ್ತದೆಂದು ಮದುವೆಯಾದಂದಿನಿಂದ ಯೋಚಿಸದ ಗಂಡಸು ಅವನು.

"ದಿನಾ ನಾನು ಕಾರ್ ಸ್ಟಾರ್ಟ್ ಮಾಡಿದಾಗ್ಲೂ..."

"ನೀವು ಎದ್ರಿ ಅಂತ ಗೊತ್ತಾಗೋದೇ ಆ ಸದ್ದಲ್ಲಿ. ಮಂಗಳವಾರ ಹಸಿ ಹಿಪ್ಪುನೇರಳೆ ಕಡ್ಡಿ ಹಾಕ್ದೆ, ಗುರುವಾರ ನಿಮ್ಮ ಹರಿದೋದ ಟೈರ್ ಚಪ್ಪಲಿ. ಇವತ್ತು ಎಣ್ಣೆಸ್ನಾನ ಅಲ್ವಾ, ತೆಂಗಿನ ಚಿಪ್ಪು ಜಾಸ್ತೀನೇ ಹಾಕಿದ್ದೆ."

ಮುನಿಕೃಷ್ಣಪ್ಪ ಬೋಳುತಲೆ ಬಡಿದುಕೊಂಡು ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಆಯ್ತು ಹೋಗಲಿ. ಜೋಡಿಸ್ರಪ್ಪ. ಬೆಳಿಗ್ಗೆ ಮೊದಲಿನಂಗೇ ಸ್ಟಾರ್ಟ್ ಆದ್ರೆ ವೀಸಾ ನಿಂದೇ."

ಗಂಗುಲಪ್ಪ ಜೋಡಿಸಿದ. ಒಂದು ಬೋಸಿ ತುಂಬ ನಟ್ಟು ಬೋಲ್ಟು ಉಳಿಯಿತು. "ಫಾರಿನ್‌ನೋರು ಯಾವಾಗ್ಲೂ ಜಾಸ್ತಿ ಹಾಕಿರ್ತಾರೆ ಸಾರ್" ಎಂದು ಸಮಾಧಾನ ಹೇಳಿ ಹೋದ.

ಬೆಳಿಗ್ಗೆ ಇಡೀ ಬೀದಿ ಸೇರಿತು. ಮುನಿಕೃಷ್ಣಪ್ಪ ಕೀಲಿ ತಿರುಗಿಸಿದ. ಕಾರು ಕೆಮ್ಮಿತು, ಉಗುಳಿತು, ಗುರ್ ಎಂದಿತು. ಹಿಂದಿನಿಂದ ಬೆಳ್ಳಗೆ, ಕರ್ರಗೆ, ನೀಲಿಯಾಗಿ ಒಟ್ಟೊಟ್ಟಿಗೇ ಎದ್ದ ಹೊಗೆ ಹುಣಸೆಮರವನ್ನೇ ಮುಚ್ಚಿತು.

ಕದಿರೇಶ ಎದೆಯುಬ್ಬಿಸಿ ನಕ್ಕ. "ಗಾಬರಿ ಆಗಬೇಡಿ ಭಾವ, ಅದು ನಮ್ಮ ಹಂಡೆ ಒಲೆ. ಲೇ ಭಾರತೀ, ಒಲೆ ಆರಿಸೇ!"

ಒಳಗಿನಿಂದ ಉತ್ತರ ಬಂತು: "ಸೌದೆ ಎಲ್ಲಾ ನಿನ್ನೇನೇ ಮುಗೀತು ಕಣ್ರೀ. ಒಲೆ ಇನ್ನೂ ಹಚ್ಚೇ ಇಲ್ಲ!"