ನನ್ನ ತಾತನ ಛತ್ರಿಯ ಕೆಳಗೆ ನಿಂತ ದೊರೆಯ ಬಗ್ಗೆ

ಪಾಲಿಬೆಟ್ಟದ ತೋಟದ ಬಂಗಲೆಯನ್ನು ಕಾಫಿ ಸಂಗ್ರಹಾಲಯವಾಗಿಸಿ, ತೂತುಬಿದ್ದ ಹಂಡೆಗೂ ಗಾಜಿನ ಪೆಟ್ಟಿಗೆಯ ಗೌರವ ತಂದುಕೊಟ್ಟ ಮೇಲ್ವಿಚಾರಕಿ ಶೋಭಿತಾ ಅವರ ಸನ್ನಿಧಿಗೆ, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ ರಂಗಮ್ಮ ಮಾಡುವ ಅನಂತ ವಂದನೆಗಳು.

ಮಾನ್ಯರೇ,

ತಮ್ಮ ಮೊದಲ ಕೋಣೆಯಲ್ಲಿ ಒಂದು ಹಳೆಯ ಫೋಟೋ ಇತ್ತು. ಜಡಿಮಳೆಯಲ್ಲಿ ಒಬ್ಬ ಬಿಳಿಯ ದೊರೆ, ಪಕ್ಕದಲ್ಲಿ ಛತ್ರಿ ಹಿಡಿದ ಬರಿಗಾಲಿನ ಮನುಷ್ಯ. ಆ ಬರಿಗಾಲಿನವರು ನನ್ನ ತಾತ ಸಿದ್ದ. ಅವರದೆಂದು ಲೋಕದಲ್ಲಿರುವುದು ಅದೊಂದೇ ಫೋಟೋ. ಸಂಗ್ರಹಾಲಯ ತೆರೆದ ವರ್ಷ ತಾವು ಅದರ ಕೆಳಗೆ ‘ಸ್ವಾಮಿನಿಷ್ಠ ಸೇವಕ’ ಎಂದು ಬರೆಸಿದಿರಿ. ಆಮೇಲೆ ಕಾಲ ಬದಲಾಯಿತೆಂದು ವಿದ್ವಾಂಸರು ಎರಡು ದಿನ ಚರ್ಚಿಸಿದ್ದರಿಂದ ಅದನ್ನು ‘ಶೋಷಿತ ದೇಹ’ ಎಂದು ತಿದ್ದಿಸಿದಿರಿ. ಇದು ತಾತನಿಗೆ ಬಡ್ತಿಯೋ ಹಿಂಬಡ್ತಿಯೋ ತಿಳಿಯದ ನಾನು, ಅವರ ಹೆಸರು ಸಿದ್ದ ಎಂದು ಎರಡು ಸಲವೂ ಪತ್ರ ಬರೆದೆ. ಪರಿಶೀಲಿಸಲಾಗುವುದೆಂದು ಎರಡು ಸಲವೂ ಉತ್ತರಿಸಿದ ತಮ್ಮ ಸೌಜನ್ಯಕ್ಕೆ ನಾನು ಚಿರಋಣಿ.

ಕಳೆದ ತಿಂಗಳು ನನ್ನ ತಾಯಿ ಜವರಿಗೆ, ಅಂದರೆ ಸಿದ್ದನ ಮಗಳಿಗೆ, ಎಂಬತ್ತಾರನೆಯ ವಯಸ್ಸಿನಲ್ಲಿ ಕಣ್ಣಿನ ಪೊರೆ ತೆಗೆಸಿದೆವು. ಇನ್ನು ಅಪ್ಪನ ಮುಖ ನೋಡಬೇಕು ಎಂದರು. ಪೊನ್ನಂಪೇಟೆಯಿಂದ ಬಸ್ಸು ಹಿಡಿದು ಬಂದರೆ, ಚೌಕಟ್ಟಿನೊಳಗೆ ಬರೀ ಗೋಡೆ. ಕೆಳಗೆ ‘ಗೈರುಹಾಜರಿ’ ಎಂಬ ಹೊಸ ಫಲಕ. ಅಂಥ ಚಿತ್ರ ತೋರಿಸುವುದೆಂದರೆ ಅದೇ ಅವಮಾನವನ್ನು ಮತ್ತೆ ಮಾಡಿದಂತೆ, ಈಗ ಖಾಲಿ ಚೌಕಟ್ಟೇ ಹೆಚ್ಚು ಮಾತಾಡುತ್ತದೆ ಎಂದು ತಾವೇ ಬಂದು ವಿವರಿಸಿದಿರಿ. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು ಎದುರಿನ ಬೆಂಚಿನ ಮೇಲೆ ಕೂತರು.

“ಅಪ್ಪ ಇಲ್ಲೇ ಎಲ್ಲೋ ಹೋಗಿರ್ಬೇಕು. ಬರೋಗಂಟ ಕೂತಿರ್ತೀನಿ.”

ಎರಡು ಗಂಟೆಯಿಂದ ಐದರವರೆಗೆ ಅವರು ಏಳಲಿಲ್ಲ. ಬಂದ ಪ್ರವಾಸಿಗರು ಅಮ್ಮನನ್ನೂ ಕಲಾಕೃತಿಯೆಂದೇ ತಿಳಿದು, ಫಲಕ ಓದಿ, ಅವರನ್ನು ನೋಡಿ, ಗಂಭೀರವಾಗಿ ತಲೆಯಾಡಿಸಿ ಹೋದರು. ಎಲೆಅಡಿಕೆ ಜಗಿಯುವುದೂ ಕೃತಿಯ ಭಾಗವೇ ಎಂದು ಚಿತ್ರಕಲಾ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಮೆಲ್ಲಗೆ ವಿಚಾರಿಸಿದಳು, ಹೌದೆಂದೆ.

ಬಾಗಿಲು ಹಾಕುವ ಹೊತ್ತಿಗೆ ತಾವೇ ಉಗ್ರಾಣಕ್ಕೆ ಹೋಗಿ ಫೋಟೋ ತಂದು ಅವರ ಮಡಿಲಲ್ಲಿಟ್ಟಿರಿ. ಇದಕ್ಕೆ ಮಾತ್ರ ನನ್ನ ಕೃತಜ್ಞತೆಯಲ್ಲಿ ಕೊಂಕಿಲ್ಲ. ಅಮ್ಮ ಅಪ್ಪನ ಮುಖವನ್ನು ಬೆರಳಿಂದ ಸವರಿ, ಆಮೇಲೆ ಹೇಳಿದರು:

“ಈ ಛತ್ರಿ ನಮ್ದು. ದೊರೆ ತಂದಿರ್ಲಿಲ್ಲ. ನೆನೀತಾವ್ನೆ ಪಾಪ ಅಂತ ಅಪ್ಪನೇ ಕರ್ದು ನಿಲ್ಲಿಸ್ಕೊಂಡಿದ್ದು.”

ಇದಕ್ಕೆ ದಾಖಲೆ ಇದೆಯೇ ಎಂದು ತಾವು ಕೇಳಿದಿರಿ. ಮಾನ್ಯರೇ, ದಾಖಲೆ ಮೂರು ತಾಸಿನಿಂದ ತಮ್ಮ ಬೆಂಚಿನ ಮೇಲೆ ಕೂತಿತ್ತು.

ಆದ್ದರಿಂದ ಫೋಟೋವನ್ನು ಮರಳಿ ಗೋಡೆಗೇರಿಸಿ, ‘ಸಿದ್ದ, ಮತ್ತು ಆತನ ಛತ್ರಿಯಡಿ ಆಶ್ರಯ ಪಡೆದ ಒಬ್ಬ ದೊರೆ’ ಎಂದು ಬರೆಸಬೇಕಾಗಿ ವಿನಂತಿ. ಮುಂದೆ ವಿದ್ವಾಂಸರ ಅಭಿರುಚಿ ಬದಲಾದಾಗಲೆಲ್ಲ ದೊರೆಯ ವಿವರಣೆಯನ್ನು ಎಷ್ಟು ಬೇಕಾದರೂ ತಿದ್ದಿಕೊಳ್ಳಿ, ನಮ್ಮ ಮನೆತನದ ತಕರಾರಿಲ್ಲ.

ತಮ್ಮ ನಾಲ್ಕನೆಯ ಫಲಕಕ್ಕಾಗಿ ಕಾದಿರುವ ವಿಶ್ವಾಸಿ,
ರಂಗಮ್ಮ, ಪೊನ್ನಂಪೇಟೆ

ಮತ್ತೊಂದು ಮಾತು: ಅಂದು ತಮ್ಮ ಅಪ್ಪಣೆ ಪಡೆದು ಮೊಬೈಲಿನಲ್ಲಿ ತೆಗೆದುಕೊಂಡ ಚಿತ್ರವನ್ನು ಗೋಣಿಕೊಪ್ಪದ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದೆವು. ನಾವು ಒಯ್ದ ಚೌಕಟ್ಟು ಚಿಕ್ಕದು, ಒಬ್ಬರನ್ನು ಕತ್ತರಿಸಬೇಕಾಗುತ್ತದೆ, ದೊರೆಯನ್ನು ತೆಗೆದುಬಿಡಲೇ ಎಂದು ಸ್ಟುಡಿಯೋದ ಸುನಿಲ್ ಕೇಳಿದ. ಯಾವ ಚರ್ಚಾಗೋಷ್ಠಿಗೂ ಹೋಗದ ನನ್ನ ತಾಯಿ, ದೊಡ್ಡ ಕಟ್ಟೇ ಹಾಕು ಎಂದರು. “ಇರ್ಲಿ ಬಿಡಪ್ಪ, ಆ ಮಳೇಲಿ ಅವ್ನಾದ್ರೂ ಎಲ್ಲಿಗೋಯ್ತಾನೆ.”