ರಾಜನು ವಡೆಯೊಂದಿಗೆ ಹೊರಟನು

ರಗಳೆಯೆಲ್ಲ ಶುರುವಾದದ್ದು ಒಂದು ವಡೆಯಿಂದ.

ಹಿರೀಸಾವೆ ಪಕ್ಕದ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಹೇಳುವ ಷಡಕ್ಷರಿ ಮೇಷ್ಟ್ರು ಬುಧವಾರ ಬೋರ್ಡಿನ ಮೇಲೆ ‘ರಾಜನು ದೊಡ್ಡ ಪಡೆಯೊಂದಿಗೆ ಹೊರಟನು’ ಎಂದು ಬರೆದು, ನೋಡಿಕೊಂಡು ಬರೆಯಿರಿ ಅಂದರು. ಪಾಪಯ್ಯನ ಮಗಳು ಮೇಘಶ್ರೀ ‘ರಾಜನು ದೊಡ್ಡ ವಡೆಯೊಂದಿಗೆ ಹೊರಟನು’ ಎಂದು ಬರೆದಳು. ಅದೂ ಎಡಗೈಯಲ್ಲಿ.

ತರಗತಿ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ನಗಲಿಲ್ಲ. ಅವರು ಹಿಂದಿನ ದಿನವಷ್ಟೇ ಹಾಸನದಲ್ಲಿ ಎರಡು ದಿನದ ತರಬೇತಿ ಮುಗಿಸಿ ಬಂದಿದ್ದರು. ಡಿಸ್ಲೆಕ್ಸಿಯಾ ಅಂದರೆ ಏನು, ಅದನ್ನು ಎಳೆಯ ಮಕ್ಕಳಲ್ಲಿ ಗುರುತಿಸುವುದು ಹೇಗೆ ಅನ್ನುವುದೇ ತರಬೇತಿಯ ವಿಷಯ. ‘ಅಕ್ಷರ ಅದಲುಬದಲಾಗುವುದು’ ಎಂಬ ಸಾಲಿಗೆ ಅವರು ಕೆಂಪು ಗೆರೆ ಎಳೆದುಕೊಂಡಿದ್ದರು. ಊಟಕ್ಕೆ ಹೋಳಿಗೆ ಇದ್ದದ್ದರಿಂದ ಮಧ್ಯಾಹ್ನ ಹೇಳಿದ್ದು ಕಿವಿಗೆ ಬಿದ್ದರೂ ಒಳಗೆ ಇಳಿದಿರಲಿಲ್ಲ.

ಪಿಸುಪಿಸು ಮಾತಾಡುತ್ತಾರೆಂದು ಮೇಘಶ್ರೀಯನ್ನೂ ತಮ್ಮ ಸ್ವಂತ ಮಗಳು ಧನ್ಯಾಳನ್ನೂ ಅವತ್ತೇ ಬೇರೆ ಬೇರೆ ಬೆಂಚಿಗೆ ಹಾಕಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಈ ಮಗುವಿನ ಕಷ್ಟ ತಮಗೆ ಗೊತ್ತೇ ಆಗುತ್ತಿರಲಿಲ್ಲ ಅಂದುಕೊಂಡರು. ಸಂಜೆ ಪಾಪಯ್ಯನ ಮನೆಗೆ ಹೋಗಿ, ಭಾನುವಾರ ಹಾಸನಕ್ಕೆ ಹೊರಡಲು ಒಪ್ಪಿಸಿಯೂ ಬಂದರು. ಅಲ್ಲಿ ಪ್ರತಿಭಾ ಎಂಬ ಮೇಡಂ ಇದ್ದಾರೆ, ಓದು ಬರಹದಲ್ಲಿ ತೊಡಕಿರುವ ಮಕ್ಕಳನ್ನು ಕೂರಿಸಿಕೊಂಡು ಪರೀಕ್ಷೆ ಮಾಡುತ್ತಾರೆ, ಹೆದರುವುದೇನೂ ಇಲ್ಲ ಎಂದು ಧೈರ್ಯ ಹೇಳಿದರು. ಹೆದರದೆ ಇದ್ದ ಪಾಪಯ್ಯನಿಗೆ ಅಲ್ಲಿಂದ ಹೆದರಿಕೆ ಹತ್ತಿಕೊಂಡಿತು.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಧನ್ಯಾಳನ್ನೂ ಜೊತೆಗೆ ಹೊರಡಿಸಿದರು. ಸರಿಯಾಗಿ ಓದುವ ಮಗು ಹೇಗಿರುತ್ತದೆ ಅಂತ ಪಕ್ಕದಲ್ಲಿಟ್ಟು ತೋರಿಸಿದರೆ ಮೇಡಂಗೆ ಅನುಕೂಲವಲ್ಲವೇ. ಧನ್ಯಾ ಪಾಠ ಓದಿದರೆ ನಲ್ಲಿ ಬಿಟ್ಟ ಹಾಗೆ. ನಿಲ್ಲಿಸು ಅನ್ನುವವರೆಗೂ ಸುರಿಯುತ್ತಿತ್ತು. ಬೇರೆ ಮೇಷ್ಟ್ರುಗಳೆಲ್ಲ ಮಕ್ಕಳನ್ನು ಕಾನ್ವೆಂಟಿಗೆ ಕಳಿಸುವಾಗ ತಾವು ತಮ್ಮದೇ ಶಾಲೆಗೆ ಸೇರಿಸಿ ಹೀಗೆ ಓದಿಸಿದ್ದರ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆ.

ಹಿರೀಸಾವೆಯಲ್ಲಿ ಬಸ್ಸಿಗೆ ಕಾಯುವಾಗ ಹೋಟೆಲಿನ ಕೆಂಪಣ್ಣ ಕೇಳಿದ: “ಏನ್ ಸಾ, ಮಕ್ಕಳ್ ಕರ್ಕಂಡು ಎಲ್ಗೆ?”

“ಪಾಪಯ್ಯನ ಮಗಳಿಗೆ ಡಿಸ್ಲೆಕ್ಸಿಯಾ ಇರೋ ಹಾಗಿದೆ. ಹಾಸನಕ್ಕೆ ತೋರಿಸೋಕೆ.”

“ಡೀಸಲ್ಲಾ? ಮಗ ಡೀಸಲ್ ಕುಡ್ದ್‌ಬುಡ್ತಾ?”

ಹೋಟೆಲಿನ ಬೆಂಚುಗಳೆಲ್ಲ ಎದ್ದು ಬಂದವು. ಸೊಪ್ಪಿನ ಪುಟ್ಟಿ ಇಟ್ಟುಕೊಂಡು ಕೂತಿದ್ದ ದೊಡ್ಡತಾಯಮ್ಮ, “ನಿಂತ್ಕಂಡ್ ನೋಡ್ತೀರಲ್ಲಾ, ಉಪ್ಪುನೀರ್ ಕುಡ್ಸಿ ಕಕ್ಕುಸ್ರೋ” ಎಂದು ಮೇಘಶ್ರೀಯ ರಟ್ಟೆ ಹಿಡಿದೇಬಿಟ್ಟಳು. ಕೆಂಪಣ್ಣ ಉಪ್ಪಿನ ಡಬ್ಬ ತಂದ. ಮಗು ಅಪ್ಪನ ಹಿಂದೆ ಅಡಗಿಕೊಂಡು ಅಳತೊಡಗಿತು. ಡೀಸಲ್ ಬೇರೆ, ಇದು ಬೇರೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ಹಾಸನದ ನೇರ ಬಸ್ಸು ಹೊರಟುಹೋಗಿತ್ತು.

“ಓದಕ್ ಬರಕ್ಕಿಲ್ಲ ಅಂತನಾ? ಅಷ್ಟಕ್ಕೆ ಹಾಸನ ಯಾಕೆ?” ಎಂದ ಕೆಂಪಣ್ಣ, ಉಪ್ಪಿನ ಡಬ್ಬ ಮುಚ್ಚುತ್ತಾ. “ಎಡಗೈ ಕಟ್ಟಾಕಿ ಸಾ. ಬಲಗೈಗೆ ವಿದ್ಯೆ ತಾನೇ ಬತ್ತದೆ.”

“ಬಜೆ ಬೇರು ತೇದು ನಾಲ್ಗೆಗೆ ಇಕ್ಕು ಕಣಪ್ಪ ಪಾಪಯ್ಯ,” ಎಂದಳು ದೊಡ್ಡತಾಯಮ್ಮ.

“ಎಲ್ಡ್ ಬುಟ್ರೆ ಎಲ್ಲಾ ಸರಿ ಓಯ್ತದೆ,” ಎಂದಿತು ಹಿಂದಿನಿಂದ ಒಂದು ದನಿ.

ಮೇಷ್ಟ್ರು ಪಾಠಕ್ಕೆ ನಿಂತರು. ಇದು ಕಾಯಿಲೆ ಅಲ್ಲ. ಸೋಮಾರಿತನ ಅಲ್ಲ. ದಡ್ಡತನವಂತೂ ಅಲ್ಲವೇ ಅಲ್ಲ. ಕಿವಿಗೆ ಬಿದ್ದ ಸದ್ದನ್ನೂ ಕಣ್ಣಿಗೆ ಕಂಡ ಅಕ್ಷರವನ್ನೂ ಒಂದಕ್ಕೊಂದು ಗಂಟು ಹಾಕುವುದು ಕೆಲವು ಮಕ್ಕಳಿಗೆ ಕಷ್ಟ, ಅಷ್ಟೇ. ಹೊಡೆದರೆ, ಕೈ ಕಟ್ಟಿದರೆ ಹೋಗುವುದಿಲ್ಲ. ಎಲ್ಲರೂ ತಲೆಯಾಡಿಸಿದರು. “ಪಾಪ, ಮಗೀಗೆ ಇಂಗಾಗ್‌ಬಾರ್ದಿತ್ತು” ಎಂದು ದೊಡ್ಡತಾಯಮ್ಮ ಕಣ್ಣೊರೆಸಿಕೊಂಡಳು. ಪಾಪಯ್ಯನ ಮುಖ ಇನ್ನಷ್ಟು ಕಂದಿತು.

ಸಿಕ್ಕ ಬಸ್ಸು ಹತ್ತಿ ಚನ್ನರಾಯಪಟ್ಟಣಕ್ಕೆ ಬಂದರು. ಅಲ್ಲಿ ಪಾಪಯ್ಯ, “ಸಾ, ಇದು ತಲೆ ಕೆಡಾದ್ ಅಲ್ಲ ತಾನೇ?” ಎಂದು ಕೇಳಿದ್ದೇ ತಡ, ಮೇಷ್ಟ್ರು ಮತ್ತೆ ಶುರುಮಾಡಿದರು. ಹೇಳುತ್ತಾ ಹೇಳುತ್ತಾ ಎದುರಿಗೆ ನಿಂತಿದ್ದ ಬಸ್ಸು ಹತ್ತಿದರು, ಹೇಳುತ್ತಾ ಹೇಳುತ್ತಾ ಕೂತರು. ಕಂಡಕ್ಟರ್ ಎಲ್ಲಿಗೆ ಅಂದಾಗ, “ಕೊನೇ ಸ್ಟಾಪು. ನಮಗಿಬ್ಬರಿಗೆ ಫುಲ್ಲು, ಹುಡುಗೀರಿಗೆ ಫ್ರೀ” ಎಂದು ಮಾತಿನ ಮಧ್ಯೆಯೇ ತೂರಿಸಿದರು.

ಮೇಘಶ್ರೀ ತನ್ನ ಟಿಕೆಟನ್ನು ಮೂಗಿಗೆ ಅಂಟುವಷ್ಟು ಹತ್ತಿರ ಹಿಡಿದುಕೊಂಡಳು. “ಸಾ, ಇದ್ರಲ್ಲಿ ಹೊಳೆನರಸೀಪುರ ಅಂತ ಐತೆ.”

ಮೇಷ್ಟ್ರು ಅವಳ ತಲೆ ಸವರಿದರು. “ಇರಲಿ ಪುಟ್ಟಿ. ನಿನಗೆ ಅಕ್ಷರ ಹಾಗೇ ಕಾಣೋದು. ಅದು ನಿನ್ನ ತಪ್ಪಲ್ಲ.” ಆಮೇಲೆ ಪಾಪಯ್ಯನ ಕಡೆ ತಿರುಗಿ ಮೆಲ್ಲಗೆ, “ನೋಡಿದ್ಯಾ? ಹಾಸನ ಅನ್ನೋದು ಹೊಳೆನರಸೀಪುರ ಆಗಿಬಿಡ್ತು” ಎಂದರು. ಪಾಪಯ್ಯ ಟವಲಿನಿಂದ ಮುಖ ಒರೆಸಿಕೊಂಡ.

ಮುಕ್ಕಾಲು ಗಂಟೆಯ ಮೇಲೆ ಅವರು ಹೊಳೆನರಸೀಪುರದಲ್ಲಿ ಇಳಿದರು.

ಮೇಷ್ಟ್ರು ನಿಲ್ದಾಣದ ಬೋರ್ಡನ್ನು ಎರಡು ಸಲ ಓದಿದರು. ಆಮೇಲೆ ಪಾಪಯ್ಯ, “ನಮ್ ಮೇಘ ಸರ್ಯಾಗೇ ಏಳಿದ್ಲಲ್ಲ ಸಾ?” ಎಂದ.

“ಯಾರೋ ಪಕ್ಕದವರು ಅಂದದ್ದು ಕಿವಿಗೆ ಬಿದ್ದಿರುತ್ತೆ,” ಎಂದರು ಮೇಷ್ಟ್ರು. ಮೊಸಳೆ ಹೊಸಹಳ್ಳಿ ಮೇಲಿಂದ ಹಾಸನಕ್ಕೆ ಹೋಗುವ ಬಸ್ಸಿನಲ್ಲಿ ಅವರು ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದರು.

ಪ್ರತಿಭಾ ಮೇಡಂ ಮನೆಯ ಮುಂದಿನ ಕೋಣೆಯಲ್ಲಿ ಕಾಯುತ್ತಿದ್ದರು. ತಡವಾಗಿದ್ದಕ್ಕೆ ಏನೂ ಅನ್ನಲಿಲ್ಲ. ಮೇಘಶ್ರೀಯನ್ನು ಹತ್ತಿರ ಕೂರಿಸಿಕೊಂಡು, ಮಾವಿನಹಣ್ಣು ಇಷ್ಟವೋ ಹಲಸಿನಹಣ್ಣು ಇಷ್ಟವೋ ಎಂದೆಲ್ಲ ಮಾತಾಡಿಸಿ, ಒಂದು ಏಡಿಯ ಕತೆಯ ಪುಸ್ತಕ ಕೊಟ್ಟರು. ಹುಡುಗಿ ಪುಸ್ತಕದೊಳಗೆ ಮುಖ ಹುದುಗಿಸಿ ಓದಿದಳು. ಎಲ್ಲೂ ನಿಲ್ಲಲಿಲ್ಲ. ಏಡಿ ತನ್ನ ಮಗನಿಗೆ ನೆಟ್ಟಗೆ ನಡೆಯೋದು ಕಲಿ ಎಂದು ಬೈಯುವ ಕಡೆ ತಾನೇ ಕಿಸಕ್ಕನೆ ನಕ್ಕಳು.

“ಎದುರಿನ ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲಿ ಏನು ಬರೆದಿದೆ, ಹೇಳು ನೋಡೋಣ,” ಎಂದರು ಮೇಡಂ.

ಮೇಘಶ್ರೀ ಕಣ್ಣು ಕಿರಿದು ಮಾಡಿ ಹುಡುಕಿದಳು. “ಕ್ಯಾಲೆಂಡ್ರು ಎಲ್ಲೈತೆ?”

ಪ್ರತಿಭಾ ಮೇಷ್ಟ್ರ ಕಡೆ ನೋಡಿದರು. “ಇವಳಿಗೆ ಬೇಕಾಗಿರೋದು ಕಣ್ಣಿನ ಡಾಕ್ಟರು ಸಾರ್. ಓದು ಚೆನ್ನಾಗೇ ಇದೆ. ಬೋರ್ಡು ಕಾಣಿಸದೆ, ಪ ಇರಬಹುದಾ ವ ಇರಬಹುದಾ ಅಂತ ಊಹೆ ಮಾಡಿ ಬರೀತಾಳೆ.”

“ಮತ್ತೆ ಎಡಗೈ?”

“ಎಡಗೈ ಎಡಗೈಯೇ. ಅದಕ್ಕೂ ಡಿಸ್ಲೆಕ್ಸಿಯಾಗೂ ಏನೂ ಸಂಬಂಧ ಇಲ್ಲ. ಮೊದಲು ಕಣ್ಣು, ಕಿವಿ ನೋಡಿಸಿ ಅಂತ ತರಬೇತಿಯಲ್ಲೂ ಹೇಳಿರ್ತಾರಲ್ಲ.”

ಹೇಳಿರಬಹುದು, ಮಧ್ಯಾಹ್ನ. ಮೇಷ್ಟ್ರ ಕಿವಿ ಬಿಸಿಯಾಯಿತು.

“ಅಂಗಾರೆ ನಮ್ ಮಗೀಗೆ ಡೀಸಲ್ ಇಲ್ವಾ ತಾಯಿ?” ಪಾಪಯ್ಯ ಕೈಮುಗಿದು ಹಾಗೇ ನಿಂತುಬಿಟ್ಟ.

ಮರ್ಯಾದೆ ಸ್ವಲ್ಪವಾದರೂ ಉಳಿಯಲಿ ಎಂದು ಮೇಷ್ಟ್ರು ಧನ್ಯಾಳನ್ನು ಮುಂದಕ್ಕೆ ತಂದರು. “ನಮ್ಮ ತರಗತಿಯಲ್ಲಿ ಓದಿನ ಮಟ್ಟ ಹೇಗಿದೆ ಅಂತ ನೀವೂ ಕೇಳಬೇಕು ಮೇಡಂ. ಪುಟ್ಟಿ, ಆ ರಾಜನ ಪಾಠ ಓದು.”

ಧನ್ಯಾ ಪುಸ್ತಕ ತೆರೆದಳು. ನಲ್ಲಿ ಬಿಟ್ಟಿತು. ರಾಜ ಪಡೆ ಕಟ್ಟಿದ, ನದಿ ದಾಟಿದ, ಗೆದ್ದು ಊರಿಗೆ ಮರಳಿದ. ಮೇಷ್ಟ್ರು ಗದ್ದ ಎತ್ತಿ ಕೂತರು.

“ತುಂಬ ಚೆನ್ನಾಗಿ ಹೇಳಿದೆ,” ಎಂದರು ಪ್ರತಿಭಾ. “ಪಾಠ ಮೂರು ಪುಟ ಇದೆ. ನೀನು ಪುಟ ತಿರುಗಿಸಲೇ ಇಲ್ಲವಲ್ಲ ಪುಟ್ಟಿ?”

ಧನ್ಯಾ ತಲೆ ತಗ್ಗಿಸಿದಳು. ಮೇಡಂ ಪುಟದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಇದೇನು ಅಂದರು. ಧನ್ಯಾ ಪಾಠವನ್ನು ಮತ್ತೆ ಮೊದಲಿನಿಂದ ಶುರುಮಾಡಿದಳು. ಆಮೇಲೆ ಏಡಿಯ ಕತೆ ಅವಳ ಮುಂದಿಟ್ಟರು. ಹುಡುಗಿ ಮೊದಲ ಅಕ್ಷರವನ್ನೇ ನೋಡುತ್ತಾ ಕೂತಳು. ಮೇಷ್ಟ್ರಿಗೆ, ಓದು ಪುಟ್ಟಿ, ಓದು ಎಂದು ಕೂಗಬೇಕೆನಿಸಿತು.

ಆಗ ಪಕ್ಕದಲ್ಲಿದ್ದ ಮೇಘಶ್ರೀಯ ತುಟಿ ಅಲುಗಿತು. “ಏಡಿ.”

“ಏಡಿ,” ಎಂದಳು ಧನ್ಯಾ ತಕ್ಷಣ.

ಪ್ರತಿಭಾ ಇಬ್ಬರನ್ನೂ ನೋಡಿದರು. “ದಿನಾ ಹೀಗೇನಾ?”

“ಊಂ,” ಎಂದಳು ಮೇಘಶ್ರೀ, ಇದರಲ್ಲಿ ಏನು ವಿಶೇಷ ಅನ್ನುವ ಹಾಗೆ. “ನಂಗೆ ಬೋರ್ಡು ಕಾಣಕ್ಕಿಲ್ಲ. ಧನ್ಯಾ ನೋಡ್ಕಂಡ್ ಬರೀತಾಳೆ, ನಾನು ಅವ್ಳ್ ಪುಸ್ತಕ ನೋಡ್ಕಂಡ್ ಬರೀತೀನಿ. ಅವ್ಳಿಗೆ ಓದಕ್ ಬರಕ್ಕಿಲ್ಲ, ನಾನು ಓದಿ ಏಳ್ತೀನಿ. ಬುಧವಾರ ಸಾ ಬ್ಯಾರೆ ಬ್ಯಾರೆ ಕೂರುಸ್‌ಬುಟ್ರು.”

ಮೇಡಂ ಧನ್ಯಾಳ ನೋಟ್‌ಪುಸ್ತಕ ತೆಗೆದು ನೋಡಿದರು. ಅಕ್ಷರಗಳು ಮುತ್ತು ಪೋಣಿಸಿದ ಹಾಗಿದ್ದವು. “ಇವಳು ಬರೆದಿಲ್ಲ ಸಾರ್. ರಂಗೋಲಿ ಬಿಡಿಸಿದ ಹಾಗೆ ಒಂದೊಂದನ್ನೂ ಬಿಡಿಸಿದ್ದಾಳೆ. ಎಷ್ಟು ಕಷ್ಟಪಟ್ಟಿದ್ದಾಳೆ ನೋಡಿ.” ಪುಸ್ತಕ ಮುಚ್ಚಿ ಮುಂದುವರಿಸಿದರು. “ಇವತ್ತೇ ಡಿಸ್ಲೆಕ್ಸಿಯಾ ಅಂತ ಹೆಸರು ಇಡೋದು ಬೇಡ. ಇನ್ನೂ ಮೂರ್ನಾಲ್ಕು ಸಲ ಕೂತು ನೋಡಬೇಕು. ಆದರೆ ಲಕ್ಷಣ ಇದೆ.”

“ಬುದ್ಧಿ ಕಮ್ಮೀನಾ ಮೇಡಂ?” ಎಂದರು ಷಡಕ್ಷರಿ ಮೇಷ್ಟ್ರು.

“ಇಡೀ ಪುಸ್ತಕಾನ ಕಿವಿಯಲ್ಲೇ ಕೇಳಿ ಹೊತ್ಕೊಂಡು ಬಂದಿರೋ ಮಗು ಇದು.”

“ಮಾತ್ರೆ ಏನಾದ್ರೂ? ಎರಡು ತಿಂಗಳಲ್ಲಿ ವಾಸಿ ಆಗುತ್ತಾ?”

ಪ್ರತಿಭಾ ಉತ್ತರ ಕೊಡುವ ಮೊದಲೇ ಪಾಪಯ್ಯ ಮೇಷ್ಟ್ರ ಭುಜ ಮುಟ್ಟಿದ. “ಕಾಯ್ಲೆ ಅಲ್ವಲ್ಲ ಸಾ,” ಎಂದ ಮೆತ್ತಗೆ. ಅದರಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಮೇಷ್ಟ್ರಿಗೆ ಎಷ್ಟೋ ಸಲೀಸಾಗುತ್ತಿತ್ತು.

ಪ್ರತಿ ಭಾನುವಾರ ಕರೆತನ್ನಿ, ಸದ್ದನ್ನೂ ಅಕ್ಷರವನ್ನೂ ನಿಧಾನವಾಗಿ ಜೋಡಿಸುತ್ತಾ ಹೋಗೋಣ, ವರ್ಷಗಟ್ಟಲೆ ಹಿಡಿಯಬಹುದು, ಕಲಿಯುತ್ತಾಳೆ ಎಂದು ಮೇಡಂ ಬೀಳ್ಕೊಟ್ಟರು. ಹಾಸನದ ಬಸ್ ನಿಲ್ದಾಣದಲ್ಲಿ ಮೇಷ್ಟ್ರು ಬೋರ್ಡನ್ನು ಮೂರು ಸಲ ಓದಿ ಹತ್ತಿದರು. ಕೂತ ಕೂಡಲೇ ಪಾಪಯ್ಯನ ಫೋನು ಹೊಡೆದುಕೊಂಡಿತು. ಕೆಂಪಣ್ಣ.

“ಏನಂದ್ರಂತಲಾ? ಮಗೀಗೆ ಐತಂತಾ?”

ಪಾಪಯ್ಯ ಫೋನಿಗೆ ಅಂಗೈ ಅಡ್ಡ ಹಿಡಿದ. “ಏನೇಳ್ಲಿ ಸಾ? ಇಬ್ರುಗೂ ಏನೂ ಇಲ್ಲ ಅಂದ್‌ಬುಡ್ಲಾ?”

ಅಂದುಬಿಡು ಎನ್ನುವ ಮಾತು ಮೇಷ್ಟ್ರ ನಾಲಿಗೆಯ ತುದಿಯವರೆಗೂ ಬಂದಿತ್ತು. ಅವರು ಕೈ ಚಾಚಿ ಫೋನು ಇಸಿದುಕೊಂಡರು. “ಮೇಘಶ್ರೀಗೆ ಕನ್ನಡಕ ಸಾಕಂತೆ ಕೆಂಪಣ್ಣ. ಓದಿನ ತೊಂದರೆ ಇರೋದು ನನ್ನ ಮಗಳಿಗೆ.”

ಆ ಕಡೆ ಫೋನು ಇಡುವುದನ್ನೂ ಮರೆತು ಕೆಂಪಣ್ಣ ಯಾರಿಗೋ ಹೇಳುವುದು ಸ್ಪಷ್ಟವಾಗಿ ಕೇಳಿಸಿತು: “ಲೇ, ಮೇಷ್ಟ್ರ ಮಗಳ್ಗಂತೆ ಕಣ್ಲಾ.” ಬಸ್ಸು ಹಿರೀಸಾವೆ ಮುಟ್ಟುವಷ್ಟರಲ್ಲಿ ಸುತ್ತಲಿನ ಏಳು ಹಳ್ಳಿಗೂ ಅದು ಮುಟ್ಟಿರುತ್ತದೆ.

ಧನ್ಯಾ ಕಿಟಕಿ ಪಕ್ಕ ಕೂತಿದ್ದಳು. ಮೇಷ್ಟ್ರು ಬಗ್ಗಿ ಕೇಳಿದರು: “ನನಗೆ ಯಾಕೆ ಹೇಳಲಿಲ್ಲ ಪುಟ್ಟಿ?”

“ಏನನ್ನ?”

“ಓದೋಕೆ ಬರಲ್ಲ ಅಂತ.”

“ಬರುತ್ತಲ್ಲ,” ಎಂದಳು ಅವಳು ಆಶ್ಚರ್ಯದಿಂದ. “ಯಾರಾದ್ರೂ ಹೇಳಿದ್ ಮೇಲೆ ನೋಡ್ಕೊಂಡು ಓದ್ತೀನಲ್ಲ. ಎಲ್ಲರೂ ಹಾಗೇ ಅಲ್ವಾ ಅಪ್ಪ?” ಆಮೇಲೆ, ಬಹಳ ದಿನದಿಂದ ಕೇಳಬೇಕೆಂದಿದ್ದದ್ದನ್ನು ಕೇಳಿದಳು: “ನೀನು ದಿನಾ ಬೆಳಿಗ್ಗೆ ಅಷ್ಟು ದೊಡ್ಡ ಪೇಪರ್ ಓದ್ತೀಯಲ್ಲ. ಅದನ್ನೆಲ್ಲ ನಿನಗೆ ಯಾರು ಹೇಳ್ಕೊಡ್ತಾರೆ?”

ಷಡಕ್ಷರಿ ಮೇಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ಕಂಡಕ್ಟರ್ ಬಂದು ನಿಂತು ಎಲ್ಲಿಗೆ ಎಂದು ಕೇಳಿದ. “ಹಿರೀಸಾವೆ,” ಎಂದು ಪಕ್ಕದಿಂದ ಮೇಘಶ್ರೀ ಪಿಸುಗುಟ್ಟಿದಳು, “ಹಿರೀಸಾವೆ,” ಎಂದರು ಮೇಷ್ಟ್ರು.