ಕೊಯ್ಯದೇ ಬಿಟ್ಟ ಕಾಲು

ನೋವಿಗೆ ಅಂಕ ಕೊಡುವುದು ನನಗೆ ಇವತ್ತಿಗೂ ಬರುವುದಿಲ್ಲ. ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವು ಎಷ್ಟು ಎಂದು ಈ ದೇಶದ ಆಸ್ಪತ್ರೆಯಲ್ಲಿ ಯಾರು ಕೇಳಿದರೂ ಎರಡು ಎನ್ನುತ್ತೇನೆ. ಹೆರಿಗೆಯ ದಿನವೂ ಎರಡೇ ಅಂದಿದ್ದೆ. ನರ್ಸಮ್ಮ ನಂಬಿ ಚಹಾ ಕುಡಿಯಲು ಹೋದಳು. ಅವಳು ತಿರುಗಿ ಬರುವುದರೊಳಗೆ ಮಗಳು ಬಂದಿದ್ದಳು. ಎರಡಕ್ಕಿಂತ ಹೆಚ್ಚು ಹೇಳಿದರೆ ಶಿವನ ಮೇಲೆ ಫಿರ್ಯಾದು ಕೊಟ್ಟಂತಾಗುತ್ತದೆ ಎಂಬ ಅಳುಕು ನನ್ನದು. ಕಾಲು ಇದೆ, ಕಾಲಿಗೆ ಬೂಟು ಇದೆ, ಬೂಟು ಹಾಕಿಕೊಂಡು ತಿರುಗಾಡಲು ಮನೆಯ ಹಿಂದೆಯೇ ಪಾರ್ಕ್ ಇದೆ. ಇಷ್ಟೆಲ್ಲ ಕೊಟ್ಟವನ ಮುಂದೆ ಏಳು, ಎಂಟು ಅನ್ನಲು ಬಾಯಿ ಬರುವುದಿಲ್ಲ.

ಈ ಕಾಲಿನ ಕಥೆ ಶುರುವಾಗಿದ್ದು ಎಂಟು ವರ್ಷದ ಹಿಂದೆ, ಬರ್ಮಿಂಗ್‌ಹ್ಯಾಂ ಪಕ್ಕದ ಸಟನ್ ಕೋಲ್ಡ್‌ಫೀಲ್ಡ್‌ಗೆ ನಾವು ಮನೆ ಬದಲಿಸಿದ ಮೊದಲ ಚಳಿಗಾಲದಲ್ಲಿ. ಕಸದ ಬಿನ್ ರಸ್ತೆಗೆ ಇಡಲು ಹೋಗಿದ್ದೆ. ಕಣ್ಣಿಗೆ ಕಾಣದ ಹಾಗೆ ನೆಲದ ಮೇಲೆಲ್ಲ ಹಿಮ ಹೆಪ್ಪುಗಟ್ಟಿತ್ತು. ಬಿನ್ ಒಂದು ದಿಕ್ಕಿಗೆ ಹೋಯಿತು, ಎಡಗಾಲು ಇನ್ನೊಂದು ದಿಕ್ಕಿಗೆ. ನಾನು ರಸ್ತೆಯಲ್ಲಿ ಕೂತಿದ್ದರೂ ಬಿನ್ ಮಾತ್ರ ಇಡಬೇಕಾದ ಜಾಗದಲ್ಲೇ ಹೋಗಿ ನಿಂತಿತ್ತು, ಅದೊಂದು ಪುಣ್ಯ. ಆಸ್ಪತ್ರೆಯ ದೊಡ್ಡ ಡಾಕ್ಟರು ಸ್ಕ್ಯಾನ್ ತೋರಿಸಿ ವಿವರಿಸಿದರು: ಪಾದದ ಕೀಲಿನೊಳಗೆ ಎಲುಬಿನ ಮೇಲೊಂದು ನುಣುಪಾದ ಪದರ ಇರುತ್ತದೆ, ಅದೇ ಕಾರ್ಟಿಲೇಜ್, ನಿಮ್ಮದು ಒಂದು ಕಡೆ ಹುಣಸೆ ಬೀಜದಷ್ಟು ಕಿತ್ತುಹೋಗಿದೆ. ಆಪರೇಷನ್ ಮಾಡಬಹುದು, ಮಾಡದೆಯೂ ಇರಬಹುದು. ಮಾಡದೆ ಬಿಟ್ಟವರಲ್ಲೂ ಬಹಳ ಜನ ವರ್ಷಗಟ್ಟಲೆ ಚೆನ್ನಾಗಿಯೇ ಇರುತ್ತಾರೆ, ಆದರೆ ನೋವು ಪೂರ್ತಿ ಹೋಗುತ್ತದೆ ಎಂದು ಮಾತು ಕೊಡಲಾರೆ. ಹೀಗೆ ಎರಡು ದೋಣಿಯ ಮೇಲೂ ಕಾಲಿಟ್ಟು ಅವರು ಮಾತು ಮುಗಿಸಿದರು. ನಮ್ಮ ಯಜಮಾನರು ನನ್ನ ಪರವಾಗಿ ‘ಆಪರೇಷನ್ ಬೇಡ’ ಎಂದರು. ಅವರ ಕೆಲಸ ಆಪರೇಷನ್ನಿಗೆ ಮೊದಲು ಜನರ ಎಚ್ಚರ ತಪ್ಪಿಸುವುದು. ಆ ಕೆಲಸವನ್ನು ಅವರು ಊಟದ ಮೇಜಿನಲ್ಲಿ ಔಷಧಿಯಿಲ್ಲದೆಯೂ ಮಾಡಬಲ್ಲರು.

ನಮ್ಮ ಬಳಗದಲ್ಲಿ ಡಾಕ್ಟರಲ್ಲದ ಗಂಡಸರು ಸಿಗುವುದು ಕಷ್ಟ. ತಿಂಗಳಿಗೊಂದು ಶನಿವಾರ ನಮ್ಮ ಮನೆಯಲ್ಲಿ ಊಟ, ಹದಿನೆಂಟು ಇಪ್ಪತ್ತು ಜನ. ಬಂದವರೆಲ್ಲ ಮೊದಲು ನನ್ನ ಕಾಲನ್ನು ಪರೀಕ್ಷಿಸುತ್ತಿದ್ದರು. ಕಣ್ಣಿನ ಡಾಕ್ಟರು ಅದನ್ನು ಬಹಳ ಹೊತ್ತು ನೋಡಿದರು. ನೋಡುವುದು ಅವರ ಕಸುಬು. ಮಕ್ಕಳ ಡಾಕ್ಟರು ಹೆಬ್ಬೆರಳು ಹಿಡಿದು ಆಡಿಸಿದರು. ಆಮೇಲೆ ಎಲ್ಲರೂ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬರುತ್ತಿದ್ದರು. ಒಳಗೆ ನಾನು ನಿಂತು ಜೋಳದ ರೊಟ್ಟಿ ಬಡಿಯುತ್ತಿದ್ದೆ.

“ಅಕ್ಕಾ, ಆ ಕಾಲಿನ ಮೇಲೆ ಜಾಸ್ತಿ ಭಾರ ಹಾಕ್ಬೇಡಿ,” ಎಂದು ಮೈಸೂರಿನ ಕಣ್ಣಿನ ಡಾಕ್ಟರು ಹೇಳುತ್ತಿದ್ದರು. “ನಿಲ್ಲೋದೇ ಕೆಟ್ಟದ್ದು. ಬಿಸೀದಿದ್ರೆ ಇನ್ನೊಂದು ಹಾಕಿ.”

“ಹಾಕ್ತೀನ್ರೀ, ತಡೀರಿ,” ಎಂದು ನಾನು ಇನ್ನೊಂದು ತಟ್ಟುತ್ತಿದ್ದೆ.

“ರೆಸ್ಟ್ ಭಾಳ ಮುಖ್ಯ ನೋಡವಾ,” ಎಂದು ವಿಜಾಪುರದ ಮಕ್ಕಳ ಡಾಕ್ಟರು ದನಿಗೂಡಿಸುತ್ತಿದ್ದರು. “ನಂಗೂ ಒಂದು. ಸ್ವಲ್ಪ ತೆಳ್ಳಗ.”

ವಿಶ್ರಾಂತಿಯ ಬಗ್ಗೆ ನನ್ನಷ್ಟು ಉಪದೇಶವನ್ನು ನಿಂತುಕೊಂಡು ಕೇಳಿದವರು ಈ ಬರ್ಮಿಂಗ್‌ಹ್ಯಾಂ ಸುತ್ತಮುತ್ತ ಇರಲಾರರು.

ಹಾಗೆಂದು ಪಥ್ಯವನ್ನೇ ಮಾಡಲಿಲ್ಲ ಅಂದುಕೊಳ್ಳಬೇಡಿ. ಕಾಲಿಗೋಸ್ಕರ ಏನಾದರೂ ಬಿಡಲೇಬೇಕು ಎಂದು ನಾನೇ ನಿರ್ಧರಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದನ್ನು ಬಿಟ್ಟೆ. ಲಿಂಗಪೂಜೆಗೆ ಊಟದ ಮೇಜಿನ ಕುರ್ಚಿಯೇ ಗತಿಯಾಯಿತು. ಸ್ನಾನ ಮಾಡಿ, ವಿಭೂತಿ ಹಚ್ಚಿ, ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಕುರ್ಚಿಯ ಮೇಲೆ ಕೂತಾಗಲೆಲ್ಲ ಏನೋ ಕಳ್ಳತನ ಮಾಡಿದ ಹಾಗೆ ಅನಿಸುತ್ತಿತ್ತು. ಗದಗಿನಿಂದ ನಮ್ಮವ್ವ ಒಂದು ದಿನ ಫೋನಿನಲ್ಲಿ ನೋಡಿದವಳೇ, “ಇದೇನವಾ, ಬಸ್ಸಿಗೆ ಕಾಯೋರಂಗ ಕುಂತೀಯಲ್ಲ,” ಎಂದಳು. ಆ ಮಾತು ಹಿಮದ ಮೇಲೆ ಬಿದ್ದದ್ದಕ್ಕಿಂತ ಹೆಚ್ಚು ನೋಯಿಸಿತು. ಮತ್ತೆ ನೆಲದ ಮೇಲೆ ಕೂತು ಪೂಜೆ ಮಾಡುವಂತಾಗಲಿ ಎಂಬುದೊಂದನ್ನು ಬಿಟ್ಟು ಈ ಎಂಟು ವರ್ಷ ಶಿವನ ಹತ್ತಿರ ನನಗಾಗಿ ನಾನು ಬೇರೇನನ್ನೂ ಕೇಳಲಿಲ್ಲ.

ಈ ವಸಂತದಲ್ಲಿ ಆಸ್ಪತ್ರೆಯಿಂದ ಕಾಗದ ಬಂತು. ಆಪರೇಷನ್ ಇಲ್ಲದೆ ಇಷ್ಟು ವರ್ಷ ಕಳೆದ ಕಾಲು ಹೇಗಿದೆ ಎಂದು ನೋಡುತ್ತಾರಂತೆ. ಬೇಕಾದ ಕೆಲಸ ಯಾವುದಾದರೂ ಆಗುತ್ತಿಲ್ಲವೆಂದರೆ ಆಪರೇಷನ್ನಿನ ಮಾತನ್ನು ಮತ್ತೆ ತೆಗೆಯಬಹುದಂತೆ. ಈ ಸಲ ಕೊಯ್ಯಿಸಿಯೇ ಬಿಡುತ್ತೇನೆ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ನಮ್ಮವರಿಗೆ ಅದರ ವಾಸನೆ ಬಡಿಯಿತು.

“ನಿನ್ನ ಕಾಲು ಭಾಳ ಚಲೋ ಐತಿ,” ಎಂದರು. “ಕೇಳಿದ್ರ ಹಂಗ ಹೇಳು.”

“ಕಾಲು ನಂದೋ ನಿಮ್ಮದೋ?”

“ಕಾಲು ನಿಂದ, ನಿರ್ಧಾರ ನಂದಲ್ಲೇನು?” ಎಂದು ಪೇಪರು ತಿರುವಿದರು. ಎಂಟು ವರ್ಷದಿಂದ ಬಂದವರಿಗೆಲ್ಲ ನನ್ನ ಕಾಲು ತೋರಿಸಿ, ‘ಕೊಯ್ಯದೇ ಗುಣ ಆದದ್ದು ನೋಡ್ರಿ’ ಎಂದು ಹೇಳಿಕೊಂಡ ಮನುಷ್ಯ ಅವರು. ನಾನು ಕುಂಟಿದರೆ ಅವರ ಮಾನ ಹೋಗುತ್ತದೆ.

ಫಿಸಿಯೋಥೆರಪಿಯ ಹುಡುಗಿ ಲೀಡ್ಸ್ ಕಡೆಯವಳು, ನೇರ ಮಾತಿನವಳು. ಹೊಸ ಸ್ಕ್ಯಾನೂ ಹಳೆಯದೂ ಹೆಚ್ಚುಕಡಿಮೆ ಒಂದೇ ತರಹ ಇವೆ, ಗಾಯ ದೊಡ್ಡದಾಗಿಲ್ಲ ಎಂದಳು. ನೋವೆಷ್ಟು ಎಂದಳು. ಎರಡು ಎಂದೆ. ನನ್ನ ಮುಖ ನೋಡಿ ಪ್ರಶ್ನೆ ಬದಲಿಸಿದಳು: ಮಾಡಬೇಕು ಅನಿಸಿಯೂ ಮಾಡಲಾಗದೆ ಉಳಿದದ್ದು ಏನು? ನೆಲದ ಮೇಲೆ ಕೂತು ಪ್ರಾರ್ಥನೆ ಮಾಡುವುದು ಎಂದೆ. ಕೂರಬಾರದು ಎಂದು ಹೇಳಿದವರು ಯಾರು ಎಂದಳು. ಡಾಕ್ಟರು ಎನ್ನಲು ಬಾಯಿ ತೆರೆದೆ, ಯಾವ ಡಾಕ್ಟರೆಂದು ನೆನಪಾಗಲಿಲ್ಲ. ಅವಳು ನನ್ನ ಹಳೆಯ ಫೈಲು ತೆಗೆದು ಓದಿದಳು: ಓಡಬೇಡಿ, ಜಿಗಿಯಬೇಡಿ, ಹೆಚ್ಚು ಹೊತ್ತು ನಿಂತು ಕೆಲಸ ಮಾಡಬೇಡಿ. ಕೂರುವುದರ ಸುದ್ದಿಯೇ ಇರಲಿಲ್ಲ. ದಿನಕ್ಕೆ ಎಷ್ಟು ಹೊತ್ತು ನಿಲ್ಲುತ್ತೀರಿ ಎಂದು ಕೇಳಿದಳು. ಶನಿವಾರದ ರೊಟ್ಟಿಯನ್ನು ಬಿಟ್ಟು ಲೆಕ್ಕ ಹೇಳಿದೆ. ಅಷ್ಟಕ್ಕೇ ಅವಳು ಪೆನ್ನು ಕೆಳಗಿಟ್ಟಳು.

ಯಾರೂ ಬೇಡ ಅನ್ನದ್ದನ್ನು ಎಂಟು ವರ್ಷ ನಿಷ್ಠೆಯಿಂದ ಬಿಟ್ಟಿದ್ದೆ. ಎಲ್ಲರೂ ಬೇಡ ಅಂದದ್ದನ್ನು ಅಷ್ಟೇ ನಿಷ್ಠೆಯಿಂದ ಮಾಡಿದ್ದೆ. ದೇವರ ಪಾಲಿನದನ್ನು ಕಡಿತ ಮಾಡುವುದು ಸುಲಭ, ಅವನು ತಟ್ಟೆ ಹಿಡಿದು ಬಾಗಿಲಿಗೆ ಬರುವುದಿಲ್ಲ. ಹುಡುಗಿ ಅಲ್ಲೇ ಒಂದು ಚಾಪೆ ಹಾಸಿ, ಕೂರಿ ನೋಡೋಣ ಎಂದಳು. ಗೋಡೆ ಹಿಡಿದು ಇಳಿದೆ, ಕಾಲು ಮಡಚಿದೆ. ಸ್ವಲ್ಪ ಬಿಗಿಯಿತು, ಅಷ್ಟೇ. ದಿನಾ ಸ್ವಲ್ಪ ಸ್ವಲ್ಪ ಕೂತು ರೂಢಿ ಮಾಡಿಕೊಳ್ಳಿ, ಆಪರೇಷನ್ ಏಕೆ ಎಂದಳು.

ಮೂರು ವಾರ ಅವಳು ಹೇಳಿಕೊಟ್ಟ ವ್ಯಾಯಾಮ ಮಾಡಿ, ಒಂದು ಸೋಮವಾರ ಬೆಳಿಗ್ಗೆ ಮಣೆ ಹಾಕಿಕೊಂಡು ಕೂತೆ. ಎಡಗೈಯಲ್ಲಿ ಲಿಂಗ, ಎದುರಿಗೆ ದೀಪ, ಕೆಳಗೆ ನೆಲ. ನಿಜ ಹೇಳಬೇಕೆಂದರೆ ಮನಸ್ಸು ಶಿವನಲ್ಲಿರಲಿಲ್ಲ. ನಮ್ಮವರು ಕೆಳಗಿಳಿದು ಬಂದು ನೋಡಲಿ ಎಂದು ಕಿವಿ ಮೆಟ್ಟಿಲ ಮೇಲಿತ್ತು. ಬಂದರು. ಬಾಗಿಲಲ್ಲೇ ನಿಂತು, “ನನ್ನ ಆಸ್ಪತ್ರಿ ಬ್ಯಾಡ್ಜ್ ಎಲ್ಲೈತಿ?” ಎಂದರು.

ಎದ್ದೆ. ಒಂದೇ ಏಟಿಗೆ ಎದ್ದೆ. ಹಿಂದಿನ ದಿನದ ಪ್ಯಾಂಟಿನ ಜೇಬಿನಿಂದ ಹುಡುಕಿ ತೆಗೆದುಕೊಟ್ಟೆ.

“ಎಷ್ಟು ಲಗೂ ಎದ್ದಿ ನೋಡು,” ಎಂದರು, ಮುಖ ಅರಳಿಸಿಕೊಂಡು. “ನಾ ಹೇಳಿರಲಿಲ್ಲೇನು, ಆಪರೇಷನ್ ಬ್ಯಾಡ ಅಂತ?”

ಅವರು ಕಾರಿನತ್ತ ಹೋದ ಮೇಲೆ ನೋಡಿಕೊಂಡೆ. ಲಿಂಗ ಎಡಗೈಯಲ್ಲಿ ಹಾಗೆಯೇ ಇತ್ತು, ಪೂಜೆ ಅರ್ಧಕ್ಕೇ ನಿಂತಿತ್ತು. ಎಂಟು ವರ್ಷ ಕುರ್ಚಿಯ ಮೇಲೆ ಕೂತಾಗ ಒಂದು ದಿನವೂ ಹೀಗಾಗಿರಲಿಲ್ಲ. ಕಾಲುನೋವಿನವಳು, ಕೂತಲ್ಲಿಂದ ಎಬ್ಬಿಸುವುದು ಬೇಡ ಎಂದು ಬೆಳಿಗ್ಗೆ ಅವರೇ ಎಲ್ಲ ಹುಡುಕಿಕೊಳ್ಳುತ್ತಿದ್ದರು. ಶಿವನ ಕ್ಷಮೆ ಕೇಳಿ ಮಣೆಯ ಕಡೆ ತಿರುಗಿದೆ. ಕಾರು ಇನ್ನೂ ಹೊರಟಿರಲಿಲ್ಲ, ಅವರು ಅದರ ಕಿಟಕಿಯಿಂದ ಇತ್ತಲೇ ನೋಡುತ್ತಿದ್ದರು. ನಾನು ಗೋಡೆ ಹಿಡಿದು, ಮಣೆಯ ತನಕ ಚೆನ್ನಾಗಿ ಕುಂಟುತ್ತ ಹೋದೆ.